ಬಜೆಟ್ ದಿನ ಸವಣೂರಿನ ಒಂದು ಅಂಗಳದಲ್ಲಿ

ಫೆಬ್ರವರಿ 1, ಬೆಳಿಗ್ಗೆ ಹನ್ನೊಂದು ಗಂಟೆ. ದಿಲ್ಲಿಯಲ್ಲಿ ಬಜೆಟ್ ಓದಲು ಶುರುಮಾಡುವ ಹೊತ್ತಿಗೆ ನಾನು ಸವಣೂರಿನಲ್ಲಿ ಬಸ್ಸಿಳಿದೆ. ಪುತ್ತೂರಿನಿಂದ ಕಾಣಿಯೂರಿಗೆ ಹೋಗುವ ದಾರಿಯ ಪೇಟೆ ಇದು. ತಾಲೂಕು ಈಗ ಕಡಬ, ಜನರ ಓಡಾಟ ಇನ್ನೂ ಪುತ್ತೂರಿಗೇ ಹೆಚ್ಚು.

ಡಾಂಬರು ಬಿಟ್ಟು ಮಣ್ಣಿನ ದಾರಿಗೆ ಇಳಿದೆ. ಮೇಲೆ ರಬ್ಬರ್ ಗುಡ್ಡ, ಕೆಳಗೆ ಅಡಿಕೆ ತೋಟ, ಮರಗಳಿಗೆ ಹಬ್ಬಿದ ಒಳ್ಳೆಮೆಣಸಿನ ಬಳ್ಳಿ. ತೋಟ ದಾಟಿದರೆ ಮನೆ. ಅಂಗಳವಿಡೀ ಅಡಿಕೆ, ನಡೆಯುವುದಕ್ಕೆಂದು ಒಂದು ಹೆಜ್ಜೆ ಜಾಗ ಮಾತ್ರ. ಮನೆಯ ಅಮ್ಮ ಬರಿಗಾಲಿನಲ್ಲಿ ಅಡಿಕೆಯನ್ನು ಎಳೆದು ಮಗುಚುತ್ತಿದ್ದರು.

"ಬನ್ನಿ, ಬನ್ನಿ. ಆಸರಿಗೆ ಎಂತ ಬೇಕು?" ಎನ್ನುತ್ತಲೇ ನೀರು, ಬೆಲ್ಲ ತಂದಿಟ್ಟರು.

ಚಾವಡಿಯಲ್ಲಿ ಟಿ.ವಿ. ಇತ್ತು, ಹಾಕಿರಲಿಲ್ಲ. ಬಜೆಟ್ ನೋಡುವುದಿಲ್ಲವೇ ಎಂದು ಯಜಮಾನರನ್ನು ಕೇಳಿದೆ.

"ಇವತ್ತಾ ಅದು? ನಮಗೆ ಅದರಲ್ಲಿ ಎಂತ ಉಂಟು ಮಾರಾಯ್ರೇ? ಬೆಂಗಳೂರಲ್ಲಿರುವ ಮಗ ನೋಡ್ತಾನೆ, ಅವನಿಗೆ ಸಂಬಳದ ಟ್ಯಾಕ್ಸ್ ಉಂಟಲ್ಲ."

ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಹಾಗಾಗಿ ಬಜೆಟ್ಟಿನ ದೊಡ್ಡ ಸುದ್ದಿ ಈ ಮನೆಯ ಮೆಟ್ಟಿಲು ಹತ್ತುವುದೇ ಇಲ್ಲ. ಹಾಗೆಂದು ಇವರಿಗೆ ಲೆಕ್ಕ ತಿಳಿಯದು ಎಂದುಕೊಂಡರೆ ದೊಡ್ಡ ತಪ್ಪು. ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಆಗಲು 40-45 ದಿನದ ಬಿಸಿಲು ಬೇಕು. ನಡುವೆ ಒಂದು ಮಳೆ ಬಿದ್ದರೂ ಬೂಸು ಹಿಡಿದು ಧಾರಣೆ ಬೀಳುತ್ತದೆ. ಸುಲಿದದ್ದನ್ನು ಈಗಲೇ ಕೊಟ್ಟರೆ ಹೊಸ ಅಡಿಕೆಯ ಕ್ರಯ. ಮುಂದಿನ ವರ್ಷದವರೆಗೆ ಇಟ್ಟುಕೊಳ್ಳುವ ತ್ರಾಣ ಇದ್ದರೆ ಹಳೆ ಅಡಿಕೆಯ ಹೆಚ್ಚಿನ ಕ್ರಯ. ಒಳಗೆ ಕಟ್ಟಿಟ್ಟ ಗೋಣಿಗಳನ್ನು ಯಜಮಾನರು ತೋರಿಸಿದರು. ಫೀಸು, ಆಸ್ಪತ್ರೆ, ಮದುವೆ ಬಂದಾಗ ಒಂದೆರಡು ಗೋಣಿ ಇಳಿಯುತ್ತದೆ. ಬ್ಯಾಂಕು ಇದೇ. ಮೇ ತಿಂಗಳಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತಿನ ಕ್ರಯ, ಜೂನಿನಿಂದ ಆ ರೋಗದ್ದೇ ಚಿಂತೆ. ಬೆಳೆ ವಿಮೆಯ ಹಣ ಪಂಚಾಯತಿಯ ಮಳೆಮಾಪಕ ಏನು ಹೇಳುತ್ತದೆ ಎನ್ನುವುದರ ಮೇಲೆ ನಿಂತಿರುವುದರಿಂದ ಅದರ ಮೇಲೂ ಒಂದು ಕಣ್ಣು. ಸೊಸೈಟಿ ಸಾಲದ ಗಡುವು ಅಮ್ಮನ ಬಾಯಲ್ಲೇ ಇದೆ. ಇಷ್ಟು ಅಚ್ಚುಕಟ್ಟಾಗಿ ವರ್ಷವನ್ನು ಅಳೆಯುವ ಮನೆಯನ್ನು ದೇಶದ ಚಿಂತೆ ಇಲ್ಲದ್ದು ಎನ್ನಲು ನನಗೆ ಮನಸ್ಸು ಬರಲಿಲ್ಲ.

ನನಗೆ ನೋವಾದದ್ದು ಬೇರೆ ವಿಷಯಕ್ಕೆ. 2022ರ ಸೆಪ್ಟೆಂಬರಿನಲ್ಲಿ ಭೂತಾನಿನಿಂದ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಲು ಕೇಂದ್ರ ಒಪ್ಪಿತು. 2023ರ ಫೆಬ್ರವರಿಯಲ್ಲಿ ಅದೇ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಈ ಅಂಗಳದ ಅಡಿಕೆಗೆ ನೇರವಾಗಿ ತಾಗುವ ಎರಡು ತೀರ್ಮಾನ. ಎರಡೂ ಬಜೆಟ್ ಭಾಷಣದಲ್ಲಿ ಬಂದದ್ದಲ್ಲ, ಇಂಗ್ಲಿಷಿನ ಅಧಿಸೂಚನೆಯಲ್ಲಿ ಬಂದದ್ದು. ಯಜಮಾನರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಅಂಗಳವನ್ನೇ ನೋಡಿದರು.

"ಧಾರಣೆ ಏರಿದ್ದು, ಇಳಿದದ್ದು ನಮಗೆ ಗೊತ್ತಾಗ್ತದೆ. ಯಾಕೆ ಅಂತ ಹೇಳುವವರಿಲ್ಲ."

ಹೇಳುವವರು ಒಂದು ಕಾಲದಲ್ಲಿ ಇದ್ದರು. 1970ರ ದಶಕದ ಮೊದಲಲ್ಲಿ ಧಾರಣೆ ನೆಲ ಕಚ್ಚಿದಾಗ ವಾರಣಾಶಿ ಸುಬ್ರಾಯ ಭಟ್ಟರು ಬೆಳೆಗಾರರನ್ನು ಸೇರಿಸಿದರು, 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ಮಾರುಕಟ್ಟೆ ಎಂದರೆ ಏನೆಂದು ಬೆಳೆಗಾರನಿಗೆ ಅವನದೇ ಮಾತಿನಲ್ಲಿ ತಿಳಿಸಿದ ಕೆಲಸ ಅದು.

ಸಹಕಾರಿ ಸಂಘಗಳನ್ನು ನಡೆಸುವವರಲ್ಲಿ ನನ್ನದೊಂದು ವಿನಂತಿ. ದಿನದ ಧಾರಣೆ ಬರೆಯುವ ಹಲಗೆಯ ಕೆಳಗೆ ಎರಡು ಸಾಲು ಜಾಗ ಬಿಡಿ. ಅಡಿಕೆಯ ಬಗ್ಗೆ ದಿಲ್ಲಿಯಲ್ಲಿ ಏನಾದರೂ ಆದೇಶ ಹೊರಟರೆ ಅದನ್ನು ಅವತ್ತೇ, ಕನ್ನಡದಲ್ಲಿ, ಅಲ್ಲಿ ಬರೆಯಿರಿ.