ಸೋತದ್ದೂ ಆರು ರನ್, ಗೆದ್ದದ್ದೂ ಆರು ರನ್

ಒಂದು ತಂಡವನ್ನು ಜನ ‘ನಮ್ಮದು’ ಎನ್ನುವುದು ಯಾವಾಗ? ಅದರಲ್ಲಿ ನಮ್ಮವರು ಆಡಿದಾಗ ಎಂಬುದು ಹಳೆಯ ಉತ್ತರ. 1974ರಲ್ಲಿ ಕರ್ನಾಟಕ, ಸತತ ಹದಿನೈದು ವರ್ಷ ನಡೆದಿದ್ದ ಮುಂಬಯಿಯ ದರ್ಬಾರನ್ನು ಮುರಿದು ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಿತು. ಆಗ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಎಲ್ಲರೂ ಈ ನಾಡಿನ ಮೈದಾನಗಳಲ್ಲೇ ಬೆಳೆದವರಾಗಿದ್ದರು. ಅಭಿಮಾನಕ್ಕೆ ಬೇರೆ ಕಾರಣ ಬೇಕಿರಲಿಲ್ಲ.

ರಾಯಲ್ ಚಾಲೆಂಜರ್ಸ್ ತಂಡದ ಮಟ್ಟಿಗೆ ಈ ಉತ್ತರ ಸಾಲದು. ಇದು ಹಣ ಕೊಟ್ಟು ಕಟ್ಟಿದ ವೃತ್ತಿಪರ ತಂಡ. 2008ರಲ್ಲಿ ವಿಜಯ್ ಮಲ್ಯ ಅವರ ಯುಬಿ ಸಮೂಹ 11.16 ಕೋಟಿ ಡಾಲರ್‌ಗೆ ಬೆಂಗಳೂರಿನ ಹಕ್ಕು ಪಡೆಯಿತು; ಆಟಗಾರರು ಹರಾಜಿನಲ್ಲಿ ಬಂದರು. ಆರಂಭವೇನೂ ಶುಭವಾಗಿರಲಿಲ್ಲ. ಆ ವರ್ಷದ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಐಪಿಎಲ್‌ನ ಮೊಟ್ಟಮೊದಲ ಪಂದ್ಯದಲ್ಲಿ ಕೋಲ್ಕತ್ತದ ಬ್ರೆಂಡನ್ ಮೆಕಲಮ್ ಒಬ್ಬರೇ ಔಟಾಗದೆ 158 ರನ್ ಬಾರಿಸಿದರು. ರಾಹುಲ್ ದ್ರಾವಿಡ್ ನಾಯಕತ್ವದ ಆತಿಥೇಯ ತಂಡ ಒಟ್ಟಾರೆ ಗಳಿಸಿದ್ದು 82. ಎಂಟು ತಂಡಗಳ ಪೈಕಿ ಏಳನೆಯ ಸ್ಥಾನದೊಂದಿಗೆ ಆ ಋತು ಮುಗಿಯಿತು.

ಮರುವರ್ಷ ದಕ್ಷಿಣ ಆಫ್ರಿಕಾದಲ್ಲಿ ನಡೆದ ಟೂರ್ನಿಯಲ್ಲಿ ಅದೇ ತಂಡ ಫೈನಲ್ ಮುಟ್ಟಿತು. ಜೋಹಾನ್ಸ್‌ಬರ್ಗ್‌ನಲ್ಲಿ ನಾಯಕ ಅನಿಲ್ ಕುಂಬ್ಳೆ ಕೇವಲ 16 ರನ್ ಕೊಟ್ಟು ನಾಲ್ಕು ವಿಕೆಟ್ ಕಿತ್ತು ಡೆಕ್ಕನ್ ಚಾರ್ಜರ್ಸ್ ತಂಡವನ್ನು 143ಕ್ಕೆ ಕಟ್ಟಿಹಾಕಿದರು. ಕೊನೆಯ ಓವರಿನಲ್ಲಿ ಬೇಕಿದ್ದದ್ದು 15, ಬಂದದ್ದು 8. ಆರು ರನ್‌ಗಳ ಸೋಲು. ಅಂದು ಆಡಿದ ಹನ್ನೊಂದು ಮಂದಿಯಲ್ಲಿ ಕುಂಬ್ಳೆ, ದ್ರಾವಿಡ್, ಉತ್ತಪ್ಪ, ಮನೀಷ್ ಪಾಂಡೆ, ವಿನಯ್ ಕುಮಾರ್ ಹೀಗೆ ಐವರು ಕರ್ನಾಟಕದವರು. ಇಪ್ಪತ್ತರ ಹರೆಯದ ವಿರಾಟ್ ಕೊಹ್ಲಿಯೂ ತಂಡದಲ್ಲಿದ್ದರು.

ನಂತರದ ವರ್ಷಗಳಲ್ಲಿ ಕನ್ನಡಿಗರ ಸಂಖ್ಯೆ ಇಳಿಯುತ್ತಾ ಹೋಯಿತು. ಅಭಿಮಾನಿಗಳ ಸಂಖ್ಯೆ ಏರುತ್ತಾ ಹೋಯಿತು. ಇದಕ್ಕೆ ಒಂದು ಕಾರಣ, ತಂಡದ ಅತಿರೇಕದ ಸ್ವಭಾವ. ಏಪ್ರಿಲ್ 23 ಎಂಬ ಒಂದೇ ದಿನಾಂಕ ಸಾಕು. 2013ರ ಆ ದಿನ ಚಿನ್ನಸ್ವಾಮಿಯಲ್ಲಿ ಕ್ರಿಸ್ ಗೇಲ್ 30 ಎಸೆತಗಳಲ್ಲಿ ಶತಕ ಮುಟ್ಟಿ, 17 ಸಿಕ್ಸರ್‌ಗಳೊಡನೆ ಔಟಾಗದೆ 175 ರನ್ ಚಚ್ಚಿದರು. 2017ರಲ್ಲಿ ಅದೇ ದಿನ ಈಡನ್ ಗಾರ್ಡನ್ಸ್‌ನಲ್ಲಿ ಇಡೀ ತಂಡ 49ಕ್ಕೆ ಕುಸಿಯಿತು. ಇವೆರಡರ ನಡುವೆ 2016ರ ಫೈನಲ್. ಆ ಋತುವಿನಲ್ಲಿ ಕೊಹ್ಲಿ ನಾಲ್ಕು ಶತಕಗಳ ಸಹಿತ 973 ರನ್ ಗಳಿಸಿದ್ದರು. ಆದರೆ ಹೈದರಾಬಾದಿನ 208ರ ಬೆನ್ನುಹತ್ತಿ, ಮೊದಲ ವಿಕೆಟ್ಟಿಗೆ 114 ರನ್ ಸೇರಿಸಿಯೂ ತವರಿನಲ್ಲೇ ಎಂಟು ರನ್‌ಗಳಿಂದ ಸೋತದ್ದಾಯಿತು. 2011ರದನ್ನೂ ಸೇರಿಸಿದರೆ ಇದು ಮೂರನೆಯ ಫೈನಲ್ ಸೋಲು.

ಗೆಲ್ಲುವ ತಂಡವನ್ನು ಮೆಚ್ಚುವುದು ಸುಲಭ. ಸೋಲುವ ತಂಡದ ಜೊತೆ ವರ್ಷ ವರ್ಷ ನಿಲ್ಲುವುದಕ್ಕೆ ಬೇರೆಯೇ ಬಗೆಯ ನಂಟು ಬೇಕು. ‘ಈ ಸಲ ಕಪ್ ನಮ್ದೇ’ ಎಂಬ ಮಾತು ಹಂಗಿಸುವವರ ಬಾಯಲ್ಲಿ ನಗೆಚಾಟಿಕೆಯಾಯಿತು. ಅಭಿಮಾನಿಗಳು ಅದನ್ನೇ ಮತ್ತೆ ಮತ್ತೆ, ನಕ್ಕು, ಹೇಳಿದರು. ಆ ಮಾತು ಕನ್ನಡದಲ್ಲಿತ್ತು ಎಂಬುದು ಗಮನಿಸಬೇಕಾದ ಸಂಗತಿ. ಆಟಗಾರರು ಎಲ್ಲಿಂದಲೋ ಬಂದಿದ್ದರು, ತಂಡದ ಭಾಷೆ ಗ್ಯಾಲರಿಯಿಂದ ಬಂದಿತ್ತು.

ಮೊದಲ ಪ್ರಶಸ್ತಿ ತಂದವರು ಮಹಿಳೆಯರು. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಸ್ಮೃತಿ ಮಂದಾನ ಬಳಗ ಡೆಲ್ಲಿ ಕ್ಯಾಪಿಟಲ್ಸ್ ತಂಡವನ್ನು ಎಂಟು ವಿಕೆಟ್‌ಗಳಿಂದ ಸೋಲಿಸಿತು. ಬೆಂಗಳೂರಿನ ಶ್ರೇಯಾಂಕಾ ಪಾಟೀಲ್ ನಾಲ್ಕು ವಿಕೆಟ್ ಪಡೆದಿದ್ದರು. ಪುರುಷರ ಸರದಿ ಬಂದದ್ದು 2025ರ ಜೂನ್ 3ರಂದು, ಅಹಮದಾಬಾದಿನಲ್ಲಿ. ರಜತ್ ಪಾಟೀದಾರ್ ನಾಯಕತ್ವದ ತಂಡ ಗಳಿಸಿದ 190ಕ್ಕೆ ಉತ್ತರವಾಗಿ ಪಂಜಾಬ್ 184ಕ್ಕೆ ನಿಂತಿತು. ಹದಿನಾರು ವರ್ಷಗಳ ಹಿಂದೆ ಕೈತಪ್ಪಿಸಿದ್ದ ಅದೇ ಆರು ರನ್ ಈಗ ಕಪ್ ತಂದುಕೊಟ್ಟಿತು. ಆಡಿದವರಲ್ಲಿ ಕರ್ನಾಟಕದವರೆಂದರೆ ಮಯಂಕ್ ಅಗರವಾಲ್ ಒಬ್ಬರೇ. ಯಲಹಂಕ, ಹೆಬ್ಬಾಳದಿಂದ ಹಿಡಿದು ದೂರದ ಹಳ್ಳಿಗಳವರೆಗೆ ಅದನ್ನು ಲೆಕ್ಕ ಹಾಕುವ ಗೊಡವೆ ಯಾರಿಗೂ ಇರಲಿಲ್ಲ.

ಈ ಇತಿಹಾಸವನ್ನು ಅಲ್ಲಿಗೇ ನಿಲ್ಲಿಸುವಂತಿಲ್ಲ. ಮರುದಿನವೇ ಚಿನ್ನಸ್ವಾಮಿಯಲ್ಲಿ ಸನ್ಮಾನ ಏರ್ಪಾಡಾಯಿತು. ಸುಮಾರು 35 ಸಾವಿರ ಜನ ಹಿಡಿಯುವ ಕ್ರೀಡಾಂಗಣದ ಸುತ್ತ ಅದರ ಹಲವು ಪಟ್ಟು ಜನ ಸೇರಿದರು. ಗೇಟುಗಳ ಬಳಿ ನಡೆದ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಹೆಚ್ಚಿನವರು ಎಳೆಯ ವಯಸ್ಸಿನವರು. ರಾಜ್ಯ ಸರ್ಕಾರ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹ ಅವರ ಆಯೋಗ ನೇಮಿಸಿತು. ಅಂಥ ಭಾರಿ ಜನಸಂದಣಿಯ ಕಾರ್ಯಕ್ರಮಗಳಿಗೆ ಆ ಕ್ರೀಡಾಂಗಣ ತಕ್ಕುದಲ್ಲವೆಂದು ಆಯೋಗ ಹೇಳಿತು. ಅದೇ ವರ್ಷ ಇಲ್ಲಿ ನಡೆಯಬೇಕಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳು ಬೇರೆ ಊರುಗಳ ಪಾಲಾದವು.

ಈ ತಂಡವನ್ನು ಬೆಂಗಳೂರಿನದಾಗಿ ಮಾಡಿದ್ದು ಜನ. ಟಿಕೆಟ್ ಕೊಂಡು, ಕೆಂಪಂಗಿ ತೊಟ್ಟು, ಹದಿನೇಳು ಸೋಲಿನ ಋತುಗಳನ್ನು ಸಹಿಸಿ ಕಾದವರು ಅವರೇ. ತಂಡದ ಸ್ಮರಣೀಯ ಕ್ಷಣಗಳನ್ನು ಮುಂದೆ ಯಾರೇ ಬರೆಯಲಿ, ಗೇಲ್ ಅವರ 175ರ ಜೊತೆಗೆ, ಆ ಆರು ರನ್‌ಗಳ ಜೊತೆಗೆ, ಜೂನ್ 4ರ ಆ ಹನ್ನೊಂದು ಮಂದಿಯನ್ನೂ ಬರೆಯಬೇಕಾಗುತ್ತದೆ.