ಎರಡನೆಯ ಹಾಳೆಯನ್ನು ತಡೆಯುವ ಬಗೆ

ಬರೆಯುವವರ ಮೇಜಿನ ಮೇಲೆ ಚೀಟಿಗಳ ಅಟ್ಟಿ ಇರುತ್ತದೆ. ಒಂದು ಹಾಳೆಗೆಂದು ಕೈ ಚಾಚಿದರೆ ಮೂರು ಬರುತ್ತವೆ. ಎರಡನ್ನು ತಿರುಗಿ ಇಡಹೋದರೆ ಇಡೀ ಅಟ್ಟಿ ಜರುಗುತ್ತದೆ. ಅಷ್ಟರಲ್ಲಿ ಬರೆದುಕೊಳ್ಳಬೇಕೆಂದಿದ್ದ ಮಾತು ಮರೆತಿರುತ್ತದೆ. ಒಂದೇ ಕೈಯಲ್ಲಿ, ಆ ಕಡೆ ನೋಡದೆ, ಒಂದೇ ಒಂದು ಹಾಳೆ ಎತ್ತಿಕೊಳ್ಳಲು ಬರುವಂಥ ಚೀಟಿತಟ್ಟೆಯನ್ನು ಮಾಡುವುದು ಹೇಗೆ?

ಇಂಥದ್ದನ್ನು ಮಾಡಹೊರಟವರು ಸಾಮಾನ್ಯವಾಗಿ ಮರ, ಅಳತೆ, ಪಾಲಿಷ್ ಎಂದು ಪೆಟ್ಟಿಗೆಯಿಂದ ಶುರು ಮಾಡುತ್ತಾರೆ. ಪೆಟ್ಟಿಗೆ ಕಷ್ಟದ ಕೆಲಸವಲ್ಲ. ಮೊದಲ ಹಾಳೆಯನ್ನು ಬಿಡಬೇಕು, ಅದಕ್ಕೆ ಒತ್ತಿಕೊಂಡೇ ಮಲಗಿರುವ ಎರಡನೆಯದನ್ನು ಹಿಡಿಯಬೇಕು, ಕಷ್ಟವಿರುವುದು ಇಲ್ಲಿ. ಈ ಕಷ್ಟವನ್ನು ನಮಗಿಂತ ಬಹಳ ಮೊದಲೇ ಎದುರಿಸಿದವರು ಬಿಡಿ ಹಾಳೆಗಳಲ್ಲೇ ಪುಸ್ತಕ ಮಾಡಿದವರು. ಆದ್ದರಿಂದ ಮೊದಲು ಅವರ ಪುಸ್ತಕ ನೋಡೋಣ, ಆಮೇಲೆ ಮರಕ್ಕೆ ಗರಗಸ ಹಾಕೋಣ.

ವಾರಾಣಸಿಯ ಊರಾಚೆ, ಸುಮಾರು 10 ಕಿಲೋಮೀಟರ್ ದೂರದಲ್ಲಿ ಸಾರನಾಥವಿದೆ. ಬುದ್ಧ ಮೊದಲ ಉಪದೇಶ ಮಾಡಿದ ಜಾಗವೆಂದು ಹೋದವರು ಧಮೇಖ ಸ್ತೂಪ ಸುತ್ತಿ, ವಸ್ತುಸಂಗ್ರಹಾಲಯದಲ್ಲಿ ಅಶೋಕನ ಸಿಂಹಗಳನ್ನು ಕಂಡು ಹಿಂದಿರುಗುತ್ತಾರೆ. ಅದೇ ಊರಿನಲ್ಲಿ 1967ರಲ್ಲಿ ಶುರುವಾದ ಟಿಬೆಟನ್ ಉನ್ನತ ಅಧ್ಯಯನ ಸಂಸ್ಥೆಯಿದೆ. 1988ರಿಂದ ಅದಕ್ಕೆ ವಿಶ್ವವಿದ್ಯಾಲಯದ ಮಾನ್ಯತೆ. ಎಂಟನೆಯ ಶತಮಾನದಲ್ಲಿ ನಾಲಂದದಿಂದ ಟಿಬೆಟ್ಟಿಗೆ ಹೋದ ಪಂಡಿತ ಶಾಂತರಕ್ಷಿತನ ಹೆಸರನ್ನು ಅಲ್ಲಿನ ಗ್ರಂಥಾಲಯಕ್ಕೆ ಇಟ್ಟಿದ್ದಾರೆ. ಭಾರತದಲ್ಲಿ ಸಂಸ್ಕೃತ ಮೂಲ ಕಳೆದುಹೋಗಿ ಟಿಬೆಟನ್ ಅನುವಾದದಲ್ಲಷ್ಟೇ ಉಳಿದ ಗ್ರಂಥಗಳನ್ನು ಮತ್ತೆ ಸಂಸ್ಕೃತಕ್ಕೆ ತರುವುದು ಈ ಸಂಸ್ಥೆಯ ಮುಖ್ಯ ಕೆಲಸಗಳಲ್ಲೊಂದು. ಅಲ್ಲಿನ ಹಳೆಯ ಗ್ರಂಥಗಳಿಗೆ ನಾವು ಬಲ್ಲ ಹೊಲಿಗೆಯಾಗಲಿ ಬೆನ್ನಾಗಲಿ ಇಲ್ಲ. ಅವು 'ಪೇಚಾ'ಗಳು.

ಪೇಚಾ ಅಂದರೆ ಮೊಳದುದ್ದದ, ಅಂಗೈಯಗಲದ ಬಿಡಿ ಹಾಳೆಗಳ ಕಟ್ಟು. ಮರದ ಅಚ್ಚಿನಿಂದ ಎರಡೂ ಮಗ್ಗುಲಿಗೆ ಒತ್ತಿದ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ, ಮೇಲೆ ಕೆಳಗೆ ಹಲಗೆ ಇಟ್ಟು, ಬಟ್ಟೆ ಸುತ್ತಿ ಕಟ್ಟುತ್ತಾರೆ. ಓದುವಾಗ ಕಟ್ಟು ಬಿಚ್ಚಿ, ಮೇಲಿನ ಹಾಳೆಯನ್ನು ಉದ್ದದ ಅಂಚಿನಲ್ಲಿ ಹಿಡಿದು ತಮ್ಮಿಂದ ಆಚೆಗೆ ಮಗುಚುತ್ತಾರೆ. ಹಿಂಬದಿಯ ಅಕ್ಷರಗಳನ್ನು ಅದಕ್ಕೆ ಸರಿಯಾಗಿ ಆ ದಿಕ್ಕಿನಲ್ಲೇ ಅಚ್ಚೊತ್ತಿರುತ್ತಾರೆ. ಹಾಳೆ ಕಲೆಸಿಹೋದರೆ ಗತಿಯೇನು? ಮುಂಬದಿಯ ಎಡ ಅಂಚಿನಲ್ಲಿ ಹಾಳೆಯ ಸಂಖ್ಯೆಯನ್ನು ಅಕ್ಷರಗಳಲ್ಲೇ ಬರೆದಿರುತ್ತಾರೆ. ಬುದ್ಧವಚನಗಳ ಸಂಗ್ರಹವಾದ ಕಂಗ್ಯೂರ್ ಒಂದೇ ನೂರಕ್ಕೂ ಹೆಚ್ಚು ಇಂಥ ಕಟ್ಟುಗಳಷ್ಟು ದೊಡ್ಡದು. ಇದನ್ನು ನೋಡಲು ಕನ್ನಡಿಗರು ಸಾರನಾಥಕ್ಕೇ ಹೋಗಬೇಕೆಂದಿಲ್ಲ. ಬೈಲಕುಪ್ಪೆಯ ಸೆರಾ ಮಠದಲ್ಲಿ, ಮುಂಡಗೋಡಿನ ಡ್ರೆಪುಂಗ್, ಗಂದೆನ್ ಮಠಗಳಲ್ಲಿ ಪೇಚಾ ಓದುವ ಭಿಕ್ಷುಗಳು ಇಂದಿಗೂ ಇದ್ದಾರೆ.

ಆ ಹಾಳೆಗಳು ಒಂದೊಂದಾಗಿ ಏಳುತ್ತವೆ. ಕಾರಣ ಕಾಗದದಲ್ಲೇ ಇದೆ. ಟಿಬೆಟ್ಟಿನ ಸಾಂಪ್ರದಾಯಿಕ ಕಾಗದವನ್ನು ಅಲ್ಲಿನ ಬೆಟ್ಟಗಳಲ್ಲಿ ಬೆಳೆಯುವ ವಿಷದ ಗಿಡವೊಂದರ ಬೇರಿನ ನಾರಿನಿಂದ ಮಾಡುತ್ತಿದ್ದರು; ಆ ವಿಷದಿಂದಾಗಿ ಹುಳ ಹತ್ತಿರ ಸುಳಿಯದು. ಹಾಳೆ ದಪ್ಪ, ಮೈ ತರಿತರಿ. ಎರಡು ಹಾಳೆಗಳ ನಡುವೆ ಎಲ್ಲೆಲ್ಲೂ ಸಣ್ಣ ಸಣ್ಣ ಗಾಳಿಯ ಸಂದು ಉಳಿದಿರುವುದರಿಂದ ಅವು ಒಂದನ್ನೊಂದು ಕಚ್ಚಿಕೊಳ್ಳುವುದಿಲ್ಲ. ನಮ್ಮ ನುಣುಪು ಜೆರಾಕ್ಸ್ ಕಾಗದಕ್ಕೆ ಈ ಸೌಭಾಗ್ಯವಿಲ್ಲ.

ಪೇಚಾದ ಹಿರಿಯಕ್ಕ ನಮ್ಮ ಓಲೆಗರಿ. ಗರಿಯಲ್ಲಿ ಕಣ್ಣು ಕೊರೆದು ದಾರ ಪೋಣಿಸುತ್ತಿದ್ದರು. ಗರಿ ಸರಿದಾಡಬಹುದು, ಮಗುಚಬಹುದು, ಆದರೆ ಸಾಲು ಬಿಟ್ಟು ಹೋಗದು. ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಉಳಿದುಬಂದ ಧವಳಾ ಗ್ರಂಥದ ಗರಿಗಳು, ಕನ್ನಡ ಲಿಪಿಯಲ್ಲಿ ಬರೆದ ಆ ಪ್ರಾಕೃತ ಪಾಠ, ಕಟ್ಟಿನ ಶಿಸ್ತಿನಿಂದಲೂ ಉಳಿದವು. ಕಾಗದ ಬಂದ ಮೇಲೆ ಉತ್ತರದ ಪೋಥಿಗಳಲ್ಲಿ ದಾರ ಹೋಯಿತು. ಆದರೂ ಎಷ್ಟೋ ಪೋಥಿಗಳಲ್ಲಿ ಹಾಳೆಯ ನಡುವೆ ಕಣ್ಣಿನ ಜಾಗವನ್ನು ಖಾಲಿ ಬಿಟ್ಟು, ಅಲ್ಲಿ ಒಂದು ಚಿತ್ತಾರದ ಚುಕ್ಕೆ ಬರೆಯುವ ರೂಢಿ ಬಹುಕಾಲ ನಿಂತಿತು.

ಗ್ರಂಥಾಲಯದಲ್ಲಿ ಅದೇ ದಾರ ಕಬ್ಬಿಣದ ಸರಳಾಯಿತು. ಪುಸ್ತಕಸೂಚಿಯ ಉದ್ದನೆ ಡ್ರಾಯರುಗಳಲ್ಲಿ 12.5 ಸೆಂಟಿಮೀಟರ್ ಅಗಲ, 7.5 ಸೆಂಟಿಮೀಟರ್ ಎತ್ತರದ ಕಾರ್ಡುಗಳು ನಿಂತಿರುತ್ತಿದ್ದವು. ಪ್ರತಿ ಕಾರ್ಡಿನ ಬುಡದಲ್ಲಿ ತೂತು, ತೂತಿನೊಳಗೆ ಸರಳು. ಓದುಗ ಬೆರಳಾಡಿಸಿ ನೋಡಬಹುದು, ಕಿತ್ತೊಯ್ಯಲಾರ. ನಮ್ಮ ಗ್ರಂಥಾಲಯ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಎಸ್. ಆರ್. ರಂಗನಾಥನ್ 1945ರಿಂದ 1947ರವರೆಗೆ ವಾರಾಣಸಿಯಲ್ಲೇ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಗ್ರಂಥಪಾಲಕರಾಗಿದ್ದರು. 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದವರೂ ಅವರೇ. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸಬೇಕೆಂಬುದು. ಬರೆಯುವವನ ಸಮಯಕ್ಕೂ ಅದೇ ಗೌರವ ಸಲ್ಲಬೇಕೆಂದು ನಾನು ನಂಬುತ್ತೇನೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿನಂಥ ಕೆಲಸ, ಕಂಪ್ಯೂಟರಿಲ್ಲದ ದಿನಗಳಲ್ಲಿ, ಒಂದು ಪದಕ್ಕೆ ಒಂದು ಚೀಟಿಯಂತೆ ಕೂಡಿಟ್ಟೇ ನಡೆಯಬೇಕಿತ್ತು. ಅಂಥ ಕೆಲಸದಲ್ಲಿ ಚೀಟಿ ಕೈಗೆ ಬರುವ ಬಗೆ ಸಣ್ಣ ಸಂಗತಿಯಲ್ಲ.

ಓಲೆಯ ದಾರವೂ ಡ್ರಾಯರಿನ ಸರಳೂ ಎಲ್ಲ ಹಾಳೆಗಳನ್ನೂ ಹಿಡಿದಿಡುತ್ತವೆ. ನಮ್ಮ ತಟ್ಟೆ ಒಂದನ್ನು ಬಿಟ್ಟುಕೊಡಬೇಕು. ಹಾಗಾಗಿ ಹಾಳೆಗಳು ಯಾಕೆ ಜೊತೆಯಾಗಿ ಬರುತ್ತವೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಮೊದಲನೆಯ ಕಾರಣ ಕತ್ತರಿಸಿದ ಅಂಚು. ಪ್ರೆಸ್ಸಿನ ಕಟಿಂಗ್ ಯಂತ್ರದ ಅಲಗು ಮೊಂಡಾಗಿದ್ದರೆ ಅಂಚಿನ ನಾರುಗಳನ್ನು ಕೆಳಕ್ಕೆ ಬಗ್ಗಿಸಿ ಒಂದಕ್ಕೊಂದು ಹೆಣೆದುಬಿಡುತ್ತದೆ. ಎರಡನೆಯದು ಗಾಳಿ. ನುಣುಪಾದ ಎರಡು ಹಾಳೆಗಳನ್ನು ಚಟ್ಟನೆ ಬೇರೆ ಮಾಡಿದರೆ ನಡುವಿನ ಸಂದಿಗೆ ಗಾಳಿ ಅಂಚಿನಿಂದ ನುಗ್ಗಬೇಕು. ಅದಕ್ಕೆ ತುಸು ಹೊತ್ತು ಬೇಕು. ಅಷ್ಟರಲ್ಲಿ ಕೆಳಗಿನದೂ ಎದ್ದಿರುತ್ತದೆ. ಮೂಲೆಯಿಂದ ಸುಲಿದರೆ ಈ ತೊಂದರೆಯಿಲ್ಲ. ಮೂರನೆಯದು ಹವೆ. ಮಳೆಗಾಲದಲ್ಲಿ ಕಾಗದ ತೇವ ಹೀರಿ ಮೆತ್ತಗಾಗಿ ಅಲೆಅಲೆಯಾಗುತ್ತದೆ. ಗಂಗಾ ಬಯಲಿನಲ್ಲಿ 'ಲೂ' ಗಾಳಿ ಬೀಸುವ ಒಣ ಬೇಸಗೆಯಲ್ಲಿ ಉಜ್ಜಿದ ಕಾಗದದಲ್ಲಿ ಸ್ಥಾಯಿ ವಿದ್ಯುತ್ತು ಕೂತು ಹಾಳೆಗಳು ಅಂಟಿಕೊಳ್ಳುತ್ತವೆ. ಅಟ್ಟಿಯನ್ನು ತಟ್ಟೆಗೆ ಹಾಕುವ ಮೊದಲು ನಾಲ್ಕೂ ಅಂಚುಗಳನ್ನು ಬೀಸಣಿಗೆಯಂತೆ ಬಿಚ್ಚಿ ಕೊಡವಿದರೆ ಈ ಮೂರಕ್ಕೂ ಮುಕ್ಕಾಲು ಪಾಲು ಪರಿಹಾರ ಸಿಕ್ಕಿತು.

ಉಳಿಯುವುದು ತಿಕ್ಕಾಟ, ಅಂದರೆ ಘರ್ಷಣೆ. ಇಲ್ಲಿ ಲೆಕ್ಕ ಹಾಕಿಯೇ ನೋಡಬೇಕು. ಎ4 ಹಾಳೆ ಒಂದು ಚದರ ಮೀಟರಿನ ಹದಿನಾರನೇ ಒಂದು ಭಾಗ. ಅದನ್ನು ನಾಲ್ಕಾಗಿ ಕತ್ತರಿಸಿದರೆ ಎ6, ಅರವತ್ನಾಲ್ಕನೇ ಒಂದು ಭಾಗ. ಪೇಟೆಯಲ್ಲಿ ಸಿಗುವ 75 ಜಿಎಸ್‌ಎಂ ಕಾಗದದಲ್ಲಿ ಅಂಥ ಚೀಟಿಯೊಂದರ ತೂಕ ಸುಮಾರು 1.17 ಗ್ರಾಂ, ದಪ್ಪ ಸುಮಾರು 0.1 ಮಿಲಿಮೀಟರ್. ನೂರು ಚೀಟಿಯ ಅಟ್ಟಿ 117 ಗ್ರಾಂ ತೂಗುತ್ತದೆ, 1 ಸೆಂಟಿಮೀಟರ್ ಎತ್ತರ ಬರುತ್ತದೆ. ಕಾಗದಕ್ಕೂ ಕಾಗದಕ್ಕೂ ನಡುವಿನ ಘರ್ಷಣಾಂಕ ಸುಮಾರು 0.5 ಎಂದಿಟ್ಟುಕೊಳ್ಳಿ.

ಅಟ್ಟಿಯ ತಳದಲ್ಲಿ ಸಂದು ಬಿಟ್ಟು ಕೆಳಗಿನ ಹಾಳೆ ಎಳೆಯುವ ಪೆಟ್ಟಿಗೆ ಹಲವರಿಗೆ ಮೊದಲು ಹೊಳೆಯುವ ಉಪಾಯ. ನೋಡಲು ಅಂದ, ಧೂಳೂ ಬೀಳದು. ಆದರೆ ತಳದ ಹಾಳೆಯ ಮೇಲೆ ಇಡೀ ಅಟ್ಟಿಯ ಭಾರವಿದೆ. ಅದರ ಮೇಲ್ಮೈ, ಕೆಳಮೈ ಎರಡೂ ಉಜ್ಜುವುದರಿಂದ ಎಳೆಯಲು ಸುಮಾರು 117 ಗ್ರಾಂ ತೂಕದಷ್ಟು ಬಲ ಬೇಕು. ಐನೂರು ಹಾಳೆ ತುಂಬಿದರೆ ಅದು ಅರ್ಧ ಕಿಲೋ ದಾಟಿ ಅಂಚು ಹರಿಯುವ ಅಪಾಯ ಬರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಸಂದಿನದು. ಅದು 0.1 ಮಿಲಿಮೀಟರಿಗಿಂತ ಹೆಚ್ಚಿರಬೇಕು, 0.2ಕ್ಕಿಂತ ಕಡಿಮೆಯಿರಬೇಕು. ಮರ ಮಳೆಗಾಲದಲ್ಲಿ ಎಳೆಗೆ ಅಡ್ಡಲಾಗಿ ಉಬ್ಬುತ್ತದೆ. 1 ಸೆಂಟಿಮೀಟರ್ ದಪ್ಪದ ಪಟ್ಟಿ ನೂರಕ್ಕೆ ಒಂದರಷ್ಟು ಉಬ್ಬಿದರೂ 0.1 ಮಿಲಿಮೀಟರ್ ಆಯಿತು, ಸಂದು ಮುಚ್ಚಿತು. ಬಡಗಿ ಎಷ್ಟೇ ನುರಿತವನಾಗಿರಲಿ, ಆಷಾಢದಲ್ಲಿ ಈ ಪೆಟ್ಟಿಗೆ ಕೆಲಸ ಮಾಡದು.

ಇನ್ನೊಂದು ದಾರಿ ಹಾಳೆಗಳನ್ನೇ ಒಂದಕ್ಕೊಂದು ಕೈಕೊಡುವಂತೆ ಮಡಿಸುವುದು. ಟಿಶ್ಯೂ ಡಬ್ಬಿಯಲ್ಲಿ ಒಂದನ್ನು ಎಳೆದರೆ ಮುಂದಿನದು ತಲೆ ಎತ್ತುವುದು ಹೀಗೇ. ಅಂಟುಚೀಟಿಯಲ್ಲಿ ಇದನ್ನೇ ಅಂಟಿನಿಂದ ಸಾಧಿಸಿದರು. 1968ರಲ್ಲಿ ಸ್ಪೆನ್ಸರ್ ಸಿಲ್ವರ್ ಗಟ್ಟಿಯಾಗಿ ಹಿಡಿಯದ ಅಂಟೊಂದನ್ನು ಕಂಡುಕೊಂಡರು. 1974ರಲ್ಲಿ ಅವರ ಸಹೋದ್ಯೋಗಿ ಆರ್ಟ್ ಫ್ರೈ ಅದಕ್ಕೊಂದು ಉಪಯೋಗ ಹುಡುಕಿದರು. 1980ರಲ್ಲಿ ಅದು ಪೋಸ್ಟ್-ಇಟ್ ಹೆಸರಿನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಮುಂದೆ ಅಂಟನ್ನು ಒಂದು ಚೀಟಿಗೆ ಈ ಅಂಚಿಗೆ, ಮುಂದಿನದಕ್ಕೆ ಆ ಅಂಚಿಗೆ ಹಚ್ಚಿ, ಎಳೆದಂತೆ ಒಂದೊಂದೇ ಏಳುವ ಕಟ್ಟುಗಳನ್ನು ಮಾಡಿದರು. ಚೆನ್ನಾದ ಯೋಚನೆ, ಆದರೆ ಅದಕ್ಕೆ ಕಾರ್ಖಾನೆ ಬೇಕು. ನಮ್ಮ ಮನೆ, ಕಚೇರಿಗಳಲ್ಲಿ ಚೀಟಿ ಹುಟ್ಟುವುದು ಒಂದು ಮಗ್ಗುಲು ಅಚ್ಚಾಗಿ ಇನ್ನೊಂದು ಮಗ್ಗುಲು ಖಾಲಿ ಉಳಿದ ಕಾಗದವನ್ನು ಕತ್ತರಿಸಿ. ಆ ಮಿತವ್ಯಯವನ್ನು ಉಳಿಸಿಕೊಳ್ಳುವ ತಟ್ಟೆಯೇ ನನಗೆ ಬೇಕು.

ಹಾಗಾದರೆ ಮೇಲಿನ ಹಾಳೆಯನ್ನೇ ತೆಗೆಯಬೇಕು. ಬೆರಳು ಒತ್ತಿ ಮುಂದಕ್ಕೆ ತಳ್ಳಿದಾಗ ಮೇಲಿನ ಹಾಳೆ ಎರಡನೆಯದನ್ನು ಎಳೆಯುತ್ತದೆ. ಎರಡನೆಯದನ್ನು ಮೂರನೆಯದು ಹೆಚ್ಚುಕಡಿಮೆ ಅಷ್ಟೇ ಬಲದಿಂದ ಹಿಡಿದಿರುತ್ತದೆ. ತಕ್ಕಡಿ ಸಮವಾಗಿ ನಿಂತಿದೆ. ಅಂಚಿನ ಒಂದು ನಾರು, ಒಂದಿಷ್ಟು ತೇವ ಸಾಕು, ಎರಡನೆಯದೂ ಹೊರಡುತ್ತದೆ. ಅದಕ್ಕೊಂದು ತಡೆ ಬೇಕು.

ಆ ತಡೆಯನ್ನು ಹಳೆಯ ಜೆರಾಕ್ಸ್ ಯಂತ್ರಗಳ ಕಾಗದದ ತಟ್ಟೆಯಲ್ಲಿ ನೋಡಬಹುದು. ಮುಂದಿನ ಎರಡು ಮೂಲೆಗಳ ಮೇಲೆ ತ್ರಿಕೋನಾಕಾರದ ಪುಟ್ಟ ತಗಡುಗಳು ಕೂತಿರುತ್ತವೆ. ಅವನ್ನು ಕಿವಿಗಳೆನ್ನೋಣ. ರಬ್ಬರ್ ಉರುಳೆ ಮೇಲಿನ ಹಾಳೆಯನ್ನು ತಳ್ಳುತ್ತದೆ. ಮೂಲೆಗಳು ಕಿವಿಗೆ ಸಿಕ್ಕಿರುವುದರಿಂದ ಹಾಳೆ ಮುಂದೆ ಹೋಗಲಾರದೆ ನಡುವೆ ಉಬ್ಬುತ್ತದೆ, ಉಬ್ಬಿದಂತೆ ಮೂಲೆಗಳು ಹಿಂದಕ್ಕೆ ಸರಿದು ಕಿವಿಯಡಿಯಿಂದ ಟಪ್ಪೆಂದು ಬಿಡಿಸಿಕೊಳ್ಳುತ್ತವೆ. ರಬ್ಬರಿಗೂ ಕಾಗದಕ್ಕೂ ಘರ್ಷಣಾಂಕ 1ರ ಆಸುಪಾಸು, ಕಾಗದಕ್ಕೂ ಕಾಗದಕ್ಕೂ ಅದರ ಅರ್ಧ. ಹಾಗಾಗಿ ಮೇಲಿನ ಹಾಳೆಗೆ ಉಬ್ಬುವಷ್ಟು ಬಲ ಸಿಗುತ್ತದೆ, ಎರಡನೆಯದಕ್ಕೆ ಸಿಗುವುದಿಲ್ಲ. ಓಲೆಗರಿಯ ದಾರ, ಡ್ರಾಯರಿನ ಸರಳು ಮಾಡುತ್ತಿದ್ದ ಹಿಡಿಯುವ ಕೆಲಸವನ್ನು ಈ ಕಿವಿಗಳು ಒಂದೊಂದು ಹಾಳೆಯ ಮಟ್ಟಿಗೆ ಮಾಡುತ್ತವೆ. ನನಗೆ ಇದು ಬಹಳ ಸುಂದರವಾದ ಉಪಾಯವಾಗಿ ಕಾಣುತ್ತದೆ.

ಮೇಜಿನ ತಟ್ಟೆಗೆ ಇದನ್ನು ಇಳಿಸುವುದು ಕಷ್ಟವಲ್ಲ. ತೇಗದ ಅಥವಾ ಹಲಸಿನ ಹಲಗೆಯ ತಳ, ಎರಡು ಪಕ್ಕ, ಒಂದು ಬೆನ್ನು. ಒಳ ಅಳತೆ ಚೀಟಿಗಿಂತ ಎರಡು ಮೂರು ಮಿಲಿಮೀಟರ್ ಹೆಚ್ಚಿರಲಿ. ತೀರ ಬಿಗಿಯಾದರೆ ಮಳೆಗಾಲದಲ್ಲಿ ಹಿಗ್ಗಿದ ಕಾಗದ ಸಿಕ್ಕಿಕೊಳ್ಳುತ್ತದೆ, ಸಡಿಲವಾದರೆ ಅಟ್ಟಿ ಓರೆಯಾಗಿ ಒಂದು ಕಿವಿ ಮಾತ್ರ ಕೆಲಸ ಮಾಡುತ್ತದೆ. ಕಿವಿಗಳನ್ನು ಹಿತ್ತಾಳೆ ತಗಡಿನಲ್ಲಿ ಕತ್ತರಿಸಿ, ಎರಡು ಪಕ್ಕಗಳ ಉದ್ದಕ್ಕೂ ಹೋಗುವ ತೆಳು ತೋಳುಗಳ ತುದಿಗೆ ಕೂರಿಸಬೇಕು. ತೋಳು ಹಿಂಬದಿಯಲ್ಲಿ ಮೊಳೆಯ ಮೇಲೆ ಆಡುತ್ತಿರಲಿ. ಅಟ್ಟಿ ಇಳಿದಂತೆ ಕಿವಿಗಳು ತಮ್ಮ ಭಾರಕ್ಕೇ ಇಳಿಯುತ್ತವೆ, ಸ್ಪ್ರಿಂಗ್ ಬೇಡ. ಕಿವಿ ಮುಚ್ಚುವ ಮೂಲೆ ಐದಾರು ಮಿಲಿಮೀಟರ್ ಇದ್ದರೆ ಸಾಕು. ಹೆಚ್ಚಾದರೆ ಹಾಳೆಯ ಮೂಲೆ ಮಡಿಚಿಕೊಳ್ಳುತ್ತದೆ, ಮಡಿಚಿದ ಮೂಲೆಯ ಚೀಟಿ ಮುಂದೆ ಕಟ್ಟಿನಲ್ಲಿ ಸರಿಯಾಗಿ ಕೂರುವುದಿಲ್ಲ.

ಕಾಗದದ ನಾರಿನ ದಿಕ್ಕನ್ನೂ ನೋಡಿಕೊಳ್ಳಬೇಕು. ಒಂದು ಹಾಳೆಯನ್ನು ಉದ್ದಕ್ಕೆ, ಅಡ್ಡಕ್ಕೆ ಹರಿದು ನೋಡಿದರೆ ತಿಳಿಯುತ್ತದೆ: ನೇರವಾಗಿ ಹರಿದದ್ದು ನಾರಿನ ದಿಕ್ಕು. ತಳ್ಳುವ ದಿಕ್ಕಿಗೆ ನಾರು ಅಡ್ಡವಾಗಿದ್ದರೆ ಹಾಳೆ ಸುಲಭವಾಗಿ ಉಬ್ಬುತ್ತದೆ, ಕಿವಿಯಿಂದ ಹಗುರವಾಗಿ ಬಿಡಿಸಿಕೊಳ್ಳುತ್ತದೆ.

ತಳ್ಳುವ ಬೆರಳಿನದು ಬೇರೆಯೇ ಕಥೆ. ವಯಸ್ಸಾದಂತೆ ಬೆರಳ ತುದಿ ಒಣಗಿ ಹಿಡಿತ ಕಡಿಮೆಯಾಗುತ್ತದೆ. ಎಂಜಲು ಹಚ್ಚಿ ಹಾಳೆ ತಿರುವುವ ಅಭ್ಯಾಸ ಇಲ್ಲಿಂದಲೇ ಬಂದದ್ದು. ಕಾಗದಕ್ಕೂ ಆರೋಗ್ಯಕ್ಕೂ ಅದು ಹಾನಿ. ಬ್ಯಾಂಕುಗಳಲ್ಲಿ ಒದ್ದೆ ಸ್ಪಂಜಿನ ಬಟ್ಟಲು ಇಟ್ಟುಕೊಳ್ಳುತ್ತಾರೆ, ಆದರೆ ಶಾಯಿಯಲ್ಲಿ ಬರೆಯುವವರಿಗೆ ತೇವ ಬೇಡ. ಪಕ್ಕದ ಹಲಗೆಯಲ್ಲಿ ಒಂದು ಗುಳಿ ತೋಡಿ ರಬ್ಬರಿನ ಬೆರಳುಟೋಪಿ ಇಟ್ಟರೆ ಸಾಕು. ರಬ್ಬರಿನ ಮೇಲೆ ಕಾಗದದ ಧೂಳು ಕೂತಾಗ ಒರೆಸಿಕೊಳ್ಳಬೇಕು, ಇಲ್ಲವಾದರೆ ಅದೂ ಜಾರುತ್ತದೆ. ಒತ್ತುವುದು ಹಗುರವಾಗಿರಲಿ. ಗಟ್ಟಿಯಾಗಿ ಒತ್ತಿದಷ್ಟೂ ಎರಡನೆಯ ಹಾಳೆಗೆ ಸಿಗುವ ಬಲವೂ ಏರಿ, ಅದೂ ಕಿವಿಯನ್ನು ದಾಟಿಬಿಡುತ್ತದೆ.

ಕೊನೆಯ ನಾಲ್ಕೈದು ಹಾಳೆಗಳಲ್ಲಿ ಇನ್ನೊಂದು ತೊಂದರೆ ಕಾಣಿಸಿಕೊಳ್ಳುತ್ತದೆ. ಪಾಲಿಷ್ ಮಾಡಿದ ಮರಕ್ಕೂ ಕಾಗದಕ್ಕೂ ನಡುವಿನ ಘರ್ಷಣೆ ಕಾಗದಗಳ ನಡುವಿನದಕ್ಕಿಂತ ಕಡಿಮೆಯಾದರೆ, ಉಳಿದ ಹಾಳೆಗಳೆಲ್ಲ ಒಂದೇ ತುಂಡಿನಂತೆ ಜಾರುತ್ತವೆ. ಜೆರಾಕ್ಸ್ ತಟ್ಟೆಗಳ ತಳದಲ್ಲಿ ಉರುಳೆ ಬರುವ ಜಾಗಕ್ಕೆ ಕಾರ್ಕಿನ ತುಂಡೊಂದನ್ನು ಅಂಟಿಸಿರುವುದು ಇದಕ್ಕಾಗಿಯೇ. ನಮ್ಮ ತಟ್ಟೆಯಲ್ಲೂ ಬೆರಳು ಒತ್ತುವ ಜಾಗದ ಕೆಳಗೆ, ತಳದ ಹಲಗೆಯಲ್ಲಿ ಸ್ವಲ್ಪ ತೋಡಿ, ರೂಪಾಯಿ ನಾಣ್ಯದಗಲದ ಕಾರ್ಕನ್ನು ಹಲಗೆಯ ಮಟ್ಟಕ್ಕೆ ಸಮವಾಗಿ ಕೂರಿಸಬೇಕು.