ಹೊಲ ಯಾರದು, ಗೊಬ್ಬರ ಯಾರದು?



ಕಬ್ಬಿನ ಪಾಹಣಿಗೆಂದು ನಿಮ್ಮ ಹಳ್ಳಿಗಳಲ್ಲಿ ತಿರುಗುವಾಗ ಒಂದು ಸಂಗತಿ ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತದೆ. ಒಂದೇ ಒಡ್ಡಿನ ಎರಡು ಮಗ್ಗಲು; ಅದೇ ಕರಿ ಮಣ್ಣು, ಅದೇ ಬಾವಿಯ ನೀರು, ಅದೇ ಜಾತಿಯ ಬೀಜ. ಒಂದು ಕಡೆ ಕೂಳೆ ಎದೆಮಟ್ಟ ಎದ್ದು ನಿಂತಿರುತ್ತದೆ. ಇನ್ನೊಂದು ಕಡೆ ಸಾಲಿನ ನಡುನಡುವೆ ತೆರಪು ಬಿದ್ದು, ಇದ್ದ ಗಡ್ಡೆಯೂ ಹಳದಿಯಾಗಿರುತ್ತದೆ. ವಿಚಾರಿಸಿದರೆ ಆ ಎರಡನೆಯ ಹೊಲ ಬಹಳ ಸಲ ಕೋರಿಗೋ ವರ್ಷದ ಲಾವಣಿಗೋ ಕೊಟ್ಟದ್ದಾಗಿರುತ್ತದೆ. "ಅವನಿಗೆ ದುಡಿಯೋ ಹುರುಪಿಲ್ಲರೀ ಸಾಹೇಬ್ರ" ಎಂದು ಹೊಲದ ಮಾಲಕರು ಹೇಳುತ್ತಾರೆ. ಅದೇ ಮನುಷ್ಯ ತನ್ನ ಸ್ವಂತದ ಇಪ್ಪತ್ತು ಗುಂಠೆಯಲ್ಲಿ ತೆಗೆಯುವ ಬೆಳೆ ನೋಡಿದರೆ ಈ ಮಾತು ನಿಲ್ಲುವುದಿಲ್ಲ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. 1,000 ರೂಪಾಯಿಯ ಗೊಬ್ಬರ ಹೆಚ್ಚಿಗೆ ಹಾಕಿದರೆ 1,600 ರೂಪಾಯಿಯ ಬೆಳೆ ಹೆಚ್ಚಿಗೆ ಬರುತ್ತದೆಂದು ಹಿಡಿಯಿರಿ. ಸ್ವಂತ ಹೊಲದವನಿಗೆ 600 ಲಾಭ; ಅವನು ಹಾಕುತ್ತಾನೆ. ಅರ್ಧ ಕೋರಿನವನು ಖರ್ಚೆಲ್ಲ ತಾನೇ ಮಾಡಿದರೆ ಅವನ ಕೈಗೆ ಬರುವುದು 800. ಅಂದರೆ ಗೊಬ್ಬರ ಹಾಕಿದ್ದಕ್ಕೆ 200 ರೂಪಾಯಿ ದಂಡ! ಅವನು ಹಾಕದಿದ್ದರೆ ಅದು ಸೋಮಾರಿತನವಾಗುವುದಿಲ್ಲ, ಲೆಕ್ಕ ಬಲ್ಲ ಯಾರೂ ಹಾಕುವುದಿಲ್ಲ. ಪಾಲು ನಾಲ್ಕರಲ್ಲಿ ಮೂರಾದರೆ 1,200 ಬರುತ್ತದೆ. ಆಗ ಅವನೂ ಚಕ್ಕಡಿ ಹೂಡುತ್ತಾನೆ.

ಈ ಲೆಕ್ಕವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಹಚ್ಚಿ ನೋಡಿದ ರಾಜ್ಯ ಪಶ್ಚಿಮ ಬಂಗಾಳ. ಕೋರಿನವನಿಗೆ ಅಲ್ಲಿ ಬರ್ಗಾದಾರ ಎನ್ನುತ್ತಾರೆ. ಅಲ್ಲಿಯ 1955ರ ಭೂಸುಧಾರಣೆ ಕಾಯ್ದೆಯನ್ನು 1970ರ ದಶಕದ ಆರಂಭದಲ್ಲಿ ತಿದ್ದಿ, ಬೀಜ, ಗೊಬ್ಬರ, ಎತ್ತು ಎಲ್ಲವನ್ನೂ ತಾನೇ ಹೂಡುವ ಬರ್ಗಾದಾರನಿಗೆ ನಾಲ್ಕರಲ್ಲಿ ಮೂರು ಪಾಲು ಸಲ್ಲಬೇಕೆಂದು ಮಾಡಿದರು. ಆದರೆ ದಫ್ತರಿನಲ್ಲಿ ಹೆಸರೇ ಇಲ್ಲದವನು ಹಕ್ಕು ಕೇಳುವುದು ಹೇಗೆ? ಕೇಳಿದ ಮರುದಿನ ಹೊಲ ಬಿಡಿಸುತ್ತಿದ್ದರು. 1978ರಲ್ಲಿ ಅಲ್ಲಿಯ ಸರಕಾರ 'ಆಪರೇಷನ್ ಬರ್ಗಾ' ಎಂಬ ಕಾರ್ಯಕ್ರಮ ಕೈಕೊಂಡಿತು. ಕಂದಾಯ ಅಧಿಕಾರಿಗಳು ಕಚೇರಿಯಲ್ಲಿ ಕೂಡದೆ, ಕೂಲಿಕಾರರು ಕೆಲಸ ಮುಗಿಸಿ ಬರುವ ಸಾಯಂಕಾಲದ ಹೊತ್ತಿಗೆ ಹಳ್ಳಿಗೇ ಹೋದರು; ಎಲ್ಲರ ಎದುರು ಕೇಳಿ, ಹೊಲದಲ್ಲಿ ಖಾತ್ರಿ ಮಾಡಿಕೊಂಡು ಹೆಸರು ಬರೆದುಕೊಂಡರು. 1990ರ ದಶಕದ ಹೊತ್ತಿಗೆ ಸುಮಾರು 14 ಲಕ್ಷ ಬರ್ಗಾದಾರರ ಹೆಸರು ದಾಖಲಾದವು. ಇಲ್ಲಿ ಹೊಲದ ಮಾಲಕಿ ಬದಲಾಗಲಿಲ್ಲ ಎಂಬುದನ್ನು ಗಮನಿಸಿರಿ. ಬದಲಾದದ್ದು ಎರಡು: ಪಾಲು ಮತ್ತು ಭರವಸೆ.

ಫಲವೇನಾಯಿತು? ಅಭಿಜಿತ್ ಬ್ಯಾನರ್ಜಿ, ಪಾಲ್ ಗರ್ಟ್ಲರ್, ಮೈತ್ರೀಶ್ ಘಟಕ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಭ್ಯಾಸದಂತೆ ಹೆಸರು ದಾಖಲಾತಿ ಹೆಚ್ಚಾದಲ್ಲಿ ಭತ್ತದ ಇಳುವರಿಯೂ ಏರಿತ್ತು. ಪ್ರಣಬ್ ಬರ್ಧನ್ ಮತ್ತು ದಿಲೀಪ್ ಮುಖರ್ಜಿ ಇದನ್ನು ಪೂರ್ತಿ ಒಪ್ಪಲಿಲ್ಲ. ಪಂಚಾಯತಿಗಳ ಮುಖಾಂತರ ಹಂಚಿದ ಬೀಜ-ಗೊಬ್ಬರದ ಕಿಟ್ಟುಗಳ ಪಾಲು ಇನ್ನೂ ದೊಡ್ಡದೆಂದು ತೋರಿಸಿದರು. ನನಗಂತೂ ಎರಡೂ ಸರಿ ಎನಿಸುತ್ತದೆ. ಬೀಜ, ನೀರು ಇಲ್ಲದೆ ಹಕ್ಕಿನ ಕಾಗದವೊಂದೇ ಹೊಲದಲ್ಲಿ ಬೆಳೆಯುವುದಿಲ್ಲ.

ಇನ್ನು ನಮ್ಮ ಭಾಗದ ಮಾತು. ನಮ್ಮಲ್ಲಿ ಕುಳ ಕಾಯ್ದೆ ಬಂಗಾಳಕ್ಕಿಂತ ಮುಂದೆ ಹೋಯಿತು. 1948ರ ಮುಂಬಯಿ ಕಾಯ್ದೆಗೆ ಆದ ತಿದ್ದುಪಡಿಯಂತೆ 1957ರ ಏಪ್ರಿಲ್ 1ರಂದು, ಅಂದರೆ 'ಕೃಷಿಕರ ದಿನ'ದಂದು, ಕುಳನನ್ನೇ ಹೊಲ ಕೊಂಡವನೆಂದು ಹಿಡಿಯಲಾಯಿತು. ಎಷ್ಟೋ ಮನೆತನಗಳಿಗೆ ಇದರಿಂದ ಹೊಲ ಬಂತು. ಈ ಬುಲೆಟಿನ್ ಓದುವವರಲ್ಲಿಯೂ ಅಂಥವರಿದ್ದಾರೆ. ಆದರೆ ಆ ದಿನ ಬರುವುದಕ್ಕೆ ಮೊದಲೇ ಎಷ್ಟೋ ಕುಳಗಳಿಂದ 'ಸ್ವಖುಷಿಯಿಂದ ಬಿಟ್ಟೆ' ಎಂದು ಬರೆಸಿಕೊಂಡದ್ದೂ ಉಂಟು. ಪುಣೆಯ ಗೋಖಲೆ ಸಂಸ್ಥೆಯ ದಾಂಡೇಕರ್ ಮತ್ತು ಖುದಾನಪುರ ಅವರು 1957ರಲ್ಲಿ ಪ್ರಕಟಿಸಿದ ತಪಾಸಣೆಯಲ್ಲಿ ಈ ಬಿಡುಗಡೆಗಳ ಸಂಗತಿ ವಿಸ್ತಾರವಾಗಿ ಬಂದಿದೆ.

ಅಂದಿನ ಅಂಜಿಕೆ ಇಂದಿಗೂ ಹೋಗಿಲ್ಲ. ಹೊಲ ಕೊಟ್ಟರೆ ಹೋದೀತೆಂದು ಮಾಲಕರು ಬಾಯಿಮಾತಿನ ಮೇಲೆ, ಅದೂ ಒಂದೇ ವರ್ಷಕ್ಕೆ ಕೊಡುತ್ತಾರೆ, ಮರುವರ್ಷ ಬೇರೆಯವನು. ಸಾತ-ಬಾರಾ ಉತಾರದಲ್ಲಿ ಹೆಸರಿಲ್ಲದ್ದರಿಂದ ದುಡಿಯುವವನಿಗೆ ಸೊಸಾಯಿಟಿಯ ಬೆಳೆಸಾಲ ಸಿಕ್ಕುವುದು ಕಠಿಣ. ಅವನು ಕೈಗಡ ತಂದು ಬೆಳೆಯುತ್ತಾನೆ. ಮಾಲಕರನ್ನಷ್ಟೇ ದೂರಿ ಉಪಯೋಗವಿಲ್ಲ. ಪಟ್ಟಣದಲ್ಲಿ ನೌಕರಿ ಮಾಡುವ ಮಗನ ಹೊಲ, ವಿಧವೆ ತಾಯಿಯ ಹೊಲ ಹೀಗೆ ಕೊಡದೆ ಗತ್ಯಂತರವಿಲ್ಲ. 2016ರಲ್ಲಿ ನೀತಿ ಆಯೋಗವು ಮಾಲಕನ ಹಕ್ಕು ಕೆಡದಂತೆ, ಲಾವಣಿದಾರನಿಗೆ ಸಾಲ ಸಿಗುವಂತೆ ಒಂದು ಮಾದರಿ ಕಾಯ್ದೆ ರಚಿಸಿತು. ಜಮೀನು ರಾಜ್ಯದ ವಿಷಯವಾದ್ದರಿಂದ ಅದನ್ನು ಎತ್ತಿಕೊಳ್ಳುವುದು ಆಯಾ ರಾಜ್ಯಗಳಿಗೆ ಬಿಟ್ಟದ್ದು.

ಜೋಳಕ್ಕೆ ಒಂದು ವರ್ಷದ ಕರಾರು ಹೇಗೋ ನಡೆದೀತು. ಕಬ್ಬಿಗೆ ನಡೆಯುವುದಿಲ್ಲ. ತಿಪ್ಪೆ ಗೊಬ್ಬರದ ಗುಣ ಒಂದೇ ಬೆಳೆಗೆ ತೀರದು. ಕೂಳೆ ಮತ್ತೊಬ್ಬನ ಪಾಲೆಂದು ಗೊತ್ತಿದ್ದವನು ಕಬ್ಬನ್ನು ನೆಲಮಟ್ಟಕ್ಕೆ ಏಕೆ ಕಡಿಸಿಯಾನು? ರವದಿ ಸುಡದೆ ಸಾಲಿನಲ್ಲಿ ಏಕೆ ಹರವಿಯಾನು? ಬಸಿಗಾಲುವೆ ತೆಗೆಯುವ ತೊಂದರೆಯಂತೂ ಅವನಿಗೆ ಬೇಡವೇ ಬೇಡ. ಸಿಕ್ಕಷ್ಟು ನೀರು ಹಾಯಿಸುತ್ತಾನೆ, ಸವಳು ಏಳುವ ಹೊತ್ತಿಗೆ ಅವನು ಅಲ್ಲಿರುವುದಿಲ್ಲ. ಸವಳಾದ ಹೊಲ ಉಳಿಯುವುದು ಮಾಲಕರಿಗೇ.

ಹೀಗಾಗಿ ಕೋರಿಗೆ ಕೊಡುವ ಸಭಾಸದರಲ್ಲಿ ಎರಡು ವಿನಂತಿ. ಬೆಳೆಯ ಪಾಲು ಅರ್ಧವಾದರೆ ಗೊಬ್ಬರದ ಖರ್ಚೂ ಅರ್ಧ ಹಾಕಿರಿ. ಮೇಲಿನ ಲೆಕ್ಕದಲ್ಲಿ ಇಬ್ಬರೂ 500 ಹಾಕಿ 800 ಎತ್ತುತ್ತೀರಿ. ಮಾತು ಕೊಡುವಾಗ ನಾಟಿ ಕಬ್ಬಿನ ಜೊತೆ ಕನಿಷ್ಠ ಒಂದು ಕೂಳೆಯನ್ನಾದರೂ ಅದೇ ಮನುಷ್ಯನಿಗೆ ಹೇಳಿಬಿಡಿರಿ. ಕಾಗದ ಮಾಡಿಕೊಳ್ಳುವುದಾದರೆ ಕುಳ ಕಾಯ್ದೆ ಬಲ್ಲ ವಕೀಲರನ್ನು ಕೇಳಿಯೇ ಮಾಡಿರಿ.

ಕಬ್ಬಿನ ನೋಂದಣಿಗೆ ಬಂದಾಗ ಮಾಲಕರ ಹೆಸರಿನ ಜೊತೆಗೆ ಹೊಲ ಮಾಡುವವರು ಯಾರು ಎಂಬುದನ್ನೂ ಗಟ ಕಚೇರಿಯಲ್ಲಿ ತಿಳಿಸಿರಿ. ಬೇಣೆ ಸುಳಿ ತಿಂದದ್ದು ಮೊದಲು ಕಾಣುವುದು ಅವರಿಗೇ; ನಮ್ಮ ಸಿಬ್ಬಂದಿ ನೇರವಾಗಿ ಅವರನ್ನೇ ಭೆಟ್ಟಿಯಾಗುತ್ತಾರೆ.